ಬಯೋಡೀಸೆಲ್ ಮಾಡಿದ ಮೇಲೆ ಉಳಿಯುವ ಗ್ಲಿಸರಾಲ್: ಕೊಡಗಿನಲ್ಲಿ ಇದರಿಂದ ಏನು ಮಾಡಬಹುದು? ರಿಯಾಕ್ಟರ್ ಗೊತ್ತಿರುವವರು ಹೇಳಿ

ಕುಶಾಲನಗರ_ಘಟಕ

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಹತ್ತಿರ ನಾವು ಕೆಲವರು ಸೇರಿ ಸಣ್ಣ ಬಯೋಡೀಸೆಲ್ ಘಟಕ ನಡೆಸುತ್ತಿದ್ದೇವೆ. ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ ಕಡೆಯ ಹೋಟೆಲ್, ಹೋಂಸ್ಟೇಗಳಿಂದ ಕರಿದು ಉಳಿದ ಎಣ್ಣೆ ತರುತ್ತೇವೆ. ಹೊಂಗೆ ಬೀಜ ಸಿಕ್ಕಾಗ ಅದರ ಎಣ್ಣೆಯೂ ಸೇರುತ್ತದೆ. ಡೀಸೆಲ್ ನಮ್ಮ ನಮ್ಮ ತೋಟದ ಪಂಪಿಗೇ ಖರ್ಚಾಗುತ್ತದೆ, ಅದರ ಚಿಂತೆ ಇಲ್ಲ. ಚಿಂತೆ ಇರುವುದು ಟ್ಯಾಂಕಿನ ಅಡಿಯಲ್ಲಿ ಇಳಿಯುವ ಕಪ್ಪು ಕಂದು ಗ್ಲಿಸರಾಲ್‌ದು. ಶೆಡ್ಡಿನಲ್ಲಿ ಡ್ರಮ್ ತುಂಬುತ್ತಾ ಇದೆ. ಹೊರಗಿನ ಒಬ್ಬ ವ್ಯಾಪಾರಿ ತೆಗೆದುಕೊಂಡು ಹೋಗಿ, ಬಣ್ಣ ಸರಿ ಇಲ್ಲ, ಸೋಪು ಜಾಸ್ತಿ ಅಂತ ವಾಪಸ್ ಕಳಿಸಿದರು, ಲಾರಿ ಬಾಡಿಗೆ ನಮ್ಮ ತಲೆಗೇ ಬಂತು.

ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಹಾಕಿದ ರಿಯಾಕ್ಟರ್‌ನಲ್ಲಿ ಗ್ಲಿಸರಾಲ್‌ನ್ನು ಬೆಲೆಬಾಳುವ ಕೆಮಿಕಲ್ ಮಾಡಬಹುದು ಅಂತ ಓದಿದ್ದೇನೆ. ಪ್ರೊಪಿಲೀನ್ ಗ್ಲೈಕಾಲ್, ಅಕ್ರೊಲೀನ್, ಸಾಲ್ಕೆಟಾಲ್, ಹೈಡ್ರೋಜನ್ ಹೀಗೆ ಎಷ್ಟೋ ಹೆಸರು. ಇದರಲ್ಲಿ ನಮ್ಮಂಥವರ ಕೈಗೆ ಎಟುಕುವುದು ಯಾವುದು? ಗೊತ್ತಿರುವವರು ಬಿಡಿಸಿ ಹೇಳಿ.

ತೋಟದಮನೆ_ಸಿದ್ದಾಪುರ

ನನಗೆ ರಿಯಾಕ್ಟರ್ ಗೊತ್ತಿಲ್ಲ. ಆದ್ರೆ ಒಂದು ಪ್ರಶ್ನೆ. ಗ್ಲಿಸರಿನ್ ಅಂದ್ರೆ ಚಳಿಗಾಲದಲ್ಲಿ ತುಟಿ ಒಡೆದಾಗ ಹಚ್ಚಿಕೊಳ್ಳುವ ಅದೇ ವಸ್ತು ತಾನೇ? ವಿಷ ಅಲ್ಲ. ಹಾಗಿದ್ರೆ ಗುಂಡಿ ತೆಗೆದು ಸುರಿದರೆ, ಇಲ್ಲ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರಿನ ಜೊತೆ ಬಿಟ್ಟರೆ ಏನಾಗುತ್ತದೆ? ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ರಿಯಾಕ್ಟರ್_ಮಡಿಕೇರಿ

ಸಿದ್ದಾಪುರದ ಅಣ್ಣಾ, ದಯವಿಟ್ಟು ಅದೊಂದು ಮಾತ್ರ ಬೇಡ. ಒಂದು ಕಿಲೋ ಗ್ಲಿಸರಾಲ್ ನೀರಲ್ಲಿ ಪೂರ್ತಿ ಕೊಳೆಯಲು ಸುಮಾರು 1.2 ಕಿಲೋ ಆಮ್ಲಜನಕ ಬೇಕು. ತೋಡಿನ ಒಂದು ಲೀಟರ್ ನೀರಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಅಷ್ಟೇ. ಲೆಕ್ಕ ಹಾಕಿ: ಒಂದು ಕಿಲೋ ಸುರಿದರೆ ಒಂದೂವರೆ ಲಕ್ಷ ಲೀಟರ್ ನೀರಿನ ಉಸಿರು ಹೋಗುತ್ತದೆ. ಪಲ್ಪಿಂಗ್ ನೀರಿನಿಂದಲೇ ನಮ್ಮ ತೋಡುಗಳು ಎಷ್ಟು ಹಾಳಾಗಿವೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಲ್ಲ ತೋಡೂ ಕೊನೆಗೆ ಹೊಳೆಗೇ ಸೇರುವುದು, ಅದರಲ್ಲೂ ಬಹಳಷ್ಟು ಕಾವೇರಿಗೆ. ಅಲ್ಲದೆ ಡ್ರಮ್ಮಲ್ಲಿರುವುದು ತುಟಿಗೆ ಹಚ್ಚುವ ಗ್ಲಿಸರಿನ್ ಅಲ್ಲ. ಅದರಲ್ಲಿ ಬಯೋಡೀಸೆಲ್ ಮಾಡಲು ಎಣ್ಣೆಗೆ ಸೇರಿಸಿದ ಮೆಥನಾಲ್ ಉಳಿದಿದೆ, ಅದು ಖಂಡಿತ ವಿಷ.

ಈಗ ಕುಶಾಲನಗರದವರ ಪ್ರಶ್ನೆ. ನಾನು ಕೆಮಿಕಲ್ ಇಂಜಿನಿಯರ್, ಮನೆ ಮಡಿಕೇರಿ, ಕೆಲಸ ಹೊರಗಡೆ. ಯಾವ ರಿಯಾಕ್ಟರ್ ಅಂತ ಕೇಳುವ ಮೊದಲು ಡ್ರಮ್ಮಲ್ಲಿ ಏನಿದೆ ಅಂತ ಗೊತ್ತಾಗಬೇಕು. ನೂರು ಕಿಲೋ ಬಯೋಡೀಸೆಲ್‌ಗೆ ಸುಮಾರು ಹತ್ತು ಕಿಲೋ ಗ್ಲಿಸರಾಲ್ ಬರುತ್ತದೆ. ಆದ್ರೆ ಅದು ಶುದ್ಧವಾಗಿ ಬರುವುದಿಲ್ಲ. ಉಳಿದ ಮೆಥನಾಲ್, ಸೋಪು, ನೀರು, ನೀವು ಕ್ಯಾಟಲಿಸ್ಟ್ ಆಗಿ ಹಾಕಿದ ಕಾಸ್ಟಿಕ್ (ಕ್ಷಾರ), ಸ್ವಲ್ಪ ಬಯೋಡೀಸೆಲ್ ಎಲ್ಲ ಅದಕ್ಕೇ ಬಂದು ಸೇರುತ್ತದೆ. ಕರಿದ ಎಣ್ಣೆಯಲ್ಲಿ ಬಿಡಿ ಕೊಬ್ಬಿನ ಆಮ್ಲ ಜಾಸ್ತಿ, ಅದು ಕಾಸ್ಟಿಕ್ ಜೊತೆ ಸೇರಿ ಸೋಪಾಗುತ್ತದೆ, ಹಾಗಾಗಿ ಸೋಪೂ ಜಾಸ್ತಿ. ನಿಮ್ಮ ಡ್ರಮ್ಮಲ್ಲಿ ನಿಜವಾದ ಗ್ಲಿಸರಾಲ್ ಅರ್ಧದಷ್ಟೇ ಇದ್ದರೂ ಆಶ್ಚರ್ಯ ಇಲ್ಲ. ವಿಜ್ಞಾನ ಪತ್ರಿಕೆಗಳಲ್ಲಿ ಬರುವ ಫಲಿತಾಂಶಗಳಲ್ಲಿ ಹೆಚ್ಚಿನವು 99 ಶೇಕಡಾ ಶುದ್ಧ ಗ್ಲಿಸರಾಲ್ ಬಾಟಲಿಯಿಂದ ಬಂದವು. ನಿಮ್ಮ ಡ್ರಮ್ಮಿಗೆ ಆ ಲೆಕ್ಕ ನೇರವಾಗಿ ಹೊಂದುವುದಿಲ್ಲ.

ಏನು ಹಾಕುತ್ತೀರಿ, ಕಾಸ್ಟಿಕ್ ಸೋಡಾನಾ, ಕಾಸ್ಟಿಕ್ ಪೊಟ್ಯಾಷಾ?

ಕುಶಾಲನಗರ_ಘಟಕ

ಮೊದಲು ಸೋಡಾ, ಈಗ ಪೊಟ್ಯಾಷ್. ಸೋಡಾ ಹಾಕಿದಾಗ ಅಡಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತಿತ್ತು, ಡ್ರಮ್ಮಿಂದ ಹೊರಗೆ ತೆಗೆಯಲೇ ಆಗುತ್ತಿರಲಿಲ್ಲ.

ಒಂದು ಕೇಳ್ತೀನಿ ಸರ್. ಪ್ರೊಪಿಲೀನ್ ಗ್ಲೈಕಾಲ್‌ಗೆ ಒಳ್ಳೆ ಬೆಲೆ ಇದೆ ಅಂತಾರಲ್ಲ, ಅದನ್ನೇ ಮಾಡಿದರೆ?

ಸುರತ್ಕಲ್_ವಿದ್ಯಾರ್ಥಿನಿ

ಇದಕ್ಕೆ ನಾನು ಹೇಳಬಹುದು, ಪಿಎಚ್‌ಡಿಯಲ್ಲಿ ಇದೇ ಜಾತಿಯ ಕ್ಯಾಟಲಿಸ್ಟ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಊರು ವಿರಾಜಪೇಟೆ.

ಗ್ಲಿಸರಾಲ್‌ನಲ್ಲಿ ಮೂರು ಕಾರ್ಬನ್ ಸಾಲಾಗಿ ಇವೆ, ಪ್ರತಿಯೊಂದಕ್ಕೂ ಒಂದು ಓಎಚ್ ಗುಂಪು (ಆಮ್ಲಜನಕ-ಹೈಡ್ರೋಜನ್ ಜೋಡಿ) ಅಂಟಿಕೊಂಡಿದೆ. ಪ್ರೊಪಿಲೀನ್ ಗ್ಲೈಕಾಲ್ ಬೇಕಾದರೆ ತುದಿಯ ಒಂದು ಓಎಚ್ ಮಾತ್ರ ಕಳಚಬೇಕು, ಕಾರ್ಬನ್ ಸರಪಳಿ ತುಂಡಾಗಬಾರದು. ಇಲ್ಲಿ ತಾಮ್ರ ಬೇಕಾಗುತ್ತದೆ. ತಾಮ್ರ ಕಾರ್ಬನ್-ಆಮ್ಲಜನಕ ಕೊಂಡಿಯನ್ನು ಕತ್ತರಿಸುತ್ತದೆ, ಕಾರ್ಬನ್-ಕಾರ್ಬನ್ ಕೊಂಡಿಯನ್ನು ಹೆಚ್ಚು ಮುಟ್ಟುವುದಿಲ್ಲ. ಅದೇ ರುಥೇನಿಯಂ ಅಥವಾ ನಿಕ್ಕಲ್ ಹಾಕಿದರೆ ಸರಪಳಿಯೂ ಮುರಿದು ಎಥಿಲೀನ್ ಗ್ಲೈಕಾಲ್, ಮೀಥೇನ್ ಎಲ್ಲ ಬರಲು ಶುರುವಾಗುತ್ತದೆ. ಒಂದೇ ಗ್ಲಿಸರಾಲ್, ಲೋಹ ಬದಲಾಯಿಸಿದರೆ ಬೇರೆ ಬೇರೆ ಸರಕು! ನನಗೆ ಈ ವಿಷಯ ಇಷ್ಟವಾಗಿದ್ದೇ ಇದಕ್ಕೆ.

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಗೇಲೆನ್ ಸಪ್ಪಿಸ್ ಈ ದಾರಿಯನ್ನು ಸುಲಭ ಮಾಡಿ ತೋರಿಸಿದರು. ಮೊದಲು ಗ್ಲಿಸರಾಲ್‌ನಿಂದ ನೀರು ತೆಗೆದು ಅಸಿಟಾಲ್ ಎಂಬ ನಡುವಿನ ವಸ್ತು ಮಾಡುವುದು, ಆಮೇಲೆ ಕಾಪರ್ ಕ್ರೋಮೈಟ್ (ತಾಮ್ರ-ಕ್ರೋಮಿಯಂ ಕ್ಯಾಟಲಿಸ್ಟ್) ಮೇಲೆ ಹೈಡ್ರೋಜನ್ ಸೇರಿಸುವುದು. 200 ಡಿಗ್ರಿ ಆಸುಪಾಸಿನಲ್ಲಿ, ಹಳೆಯ ವಿಧಾನಗಳಿಗಿಂತ ತುಂಬ ಕಡಿಮೆ ಒತ್ತಡದಲ್ಲಿ ಕೆಲಸ ಆಯಿತು. 2006ರಲ್ಲಿ ಇದಕ್ಕೆ ಅಮೆರಿಕದ ಅಧ್ಯಕ್ಷರ ಹೆಸರಿನ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು. ಕ್ರೋಮಿಯಂ ವಿಲೇವಾರಿ ಕಷ್ಟ ಅಂತ ಈಗ ತಾಮ್ರ-ಸತು, ತಾಮ್ರ-ಮೆಗ್ನೀಷಿಯಾ ಕಡೆ ತುಂಬ ಜನ ಕೆಲಸ ಮಾಡುತ್ತಿದ್ದಾರೆ.

ಆದ್ರೆ ಅಣ್ಣಾ, ಎಷ್ಟು ಕಡಿಮೆ ಒತ್ತಡ ಅಂದರೂ ಅದು ಬಿಸಿ ಹೈಡ್ರೋಜನ್. ನಿಮ್ಮ ಶೆಡ್ಡಿನ ಕೆಲಸ ಅಲ್ಲ.

ರಿಯಾಕ್ಟರ್_ಮಡಿಕೇರಿ

ವಿದ್ಯಾರ್ಥಿನಿ ಹೇಳಿದ್ದು ಸರಿ. ಹೈಡ್ರೋಜನ್ ಸಿಲಿಂಡರ್, ಒತ್ತಡ ತಡೆಯುವ ಪಾತ್ರೆ, ಸೋರಿಕೆ ಪತ್ತೆ, ಅನುಮತಿ, ತರಬೇತಿ ಪಡೆದ ಆಪರೇಟರ್, ಇದೆಲ್ಲ ಸೇರಿದರೆ ಸಣ್ಣ ಘಟಕದ ಲೆಕ್ಕ ಕೂಡುವುದೇ ಇಲ್ಲ. ಮೇಲಾಗಿ ಎಣ್ಣೆಯಿಂದ ಬರುವ ಗಂಧಕ, ಉಪ್ಪಿನ ಕ್ಲೋರಿನ್ ಎರಡೂ ತಾಮ್ರಕ್ಕೆ ವಿಷ. ಮೀನು, ಚಿಕನ್ ಕರಿದ ಎಣ್ಣೆಯಲ್ಲಿ ಎರಡೂ ಇರುತ್ತವೆ.

ಅಕ್ರೊಲೀನ್ ಹೆಸರನ್ನಂತೂ ಬಿಟ್ಟೇ ಬಿಡಿ. ಎಣ್ಣೆ ಬಾಣಲೆ ಹೊತ್ತಿ ಹೊಗೆ ಬಂದಾಗ ಕಣ್ಣು, ಮೂಗು ಉರಿಯುತ್ತದಲ್ಲ, ಆ ಹೊಗೆಯಲ್ಲಿ ಇರುವುದು ಅದೇ. ಗ್ಲಿಸರಾಲ್‌ನ್ನು ಆಮ್ಲ ಗುಣದ ಕ್ಯಾಟಲಿಸ್ಟ್ ಮೇಲೆ 300 ಡಿಗ್ರಿ ಸುಮಾರಿಗೆ ಹಾಯಿಸಿದರೆ ಎರಡು ನೀರಿನ ಅಣು ಹೋಗಿ ಅಕ್ರೊಲೀನ್ ಆಗುತ್ತದೆ. ಜಿಯೋಲೈಟ್ (ಸಣ್ಣ ರಂಧ್ರಗಳ ಖನಿಜ), ಟಂಗ್‌ಸ್ಟನ್ ಆಮ್ಲಗಳ ಮೇಲೆ ಇಳುವರಿ ಚೆನ್ನಾಗಿಯೇ ಬರುತ್ತದೆ. ಆದ್ರೆ ಕ್ಯಾಟಲಿಸ್ಟ್ ಮೇಲೆ ಬೇಗ ಮಸಿ ಕೂರುತ್ತದೆ, ಮತ್ತೆ ಮತ್ತೆ ಗಾಳಿ ಹಾಯಿಸಿ ಸುಡಬೇಕು. ಬಂದ ಸರಕು ಭಯಂಕರ ವಿಷ. ಜನವಸತಿ ಇರುವ ಕಡೆ ಅದನ್ನು ಮಾಡಲೇಬಾರದು.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಕಚ್ಚಾ ಗ್ಲಿಸರಾಲ್‌ನ್ನು ಸುಮ್ನೆ ಒಲೆ ಮೇಲಿಟ್ಟು ಬಟ್ಟಿ ಇಳಿಸಲು ಹೋಗಬೇಡಿ. ಅದು ಕುದಿಯುವುದು 290 ಡಿಗ್ರಿಗೆ, ಅಷ್ಟರಲ್ಲಿ ಅದೇ ಒಡೆದು ಅಕ್ರೊಲೀನ್ ಬಿಡುತ್ತದೆ. ಬಟ್ಟಿ ಇಳಿಸಬೇಕಾದರೆ ನಿರ್ವಾತದಲ್ಲೇ ಇಳಿಸಬೇಕು.

ಪೊನ್ನಂಪೇಟೆ_ಟೀಚರ್

ಓದಿ ತುಂಬ ಖುಷಿಯಾಯಿತು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಅದು ಬೇಡ, ಇದು ಬೇಡ ಅಂದ ಮೇಲೆ ಬೇಕು ಅನ್ನುವುದು ಯಾವುದು? ಮೊಟ್ಟೆ ಚಿಪ್ಪು ಸುಟ್ಟ ಸುಣ್ಣವನ್ನೇ ಕ್ಯಾಟಲಿಸ್ಟ್ ಮಾಡಿ ಗ್ಲಿಸರಾಲ್ ಕಾರ್ಬೊನೇಟ್ ಮಾಡಬಹುದು ಅಂತ ಕೇಳಿದ್ದೇನೆ. ಇಲ್ಲಿನ ಹೋಂಸ್ಟೇಗಳಲ್ಲಿ ಮೊಟ್ಟೆ ಚಿಪ್ಪಿಗೆ ಬರ ಇಲ್ಲ.

ಸುರತ್ಕಲ್_ವಿದ್ಯಾರ್ಥಿನಿ

ಹೌದು ಮೇಡಂ, ಆಗುತ್ತದೆ. ಚಿಪ್ಪನ್ನು 800-900 ಡಿಗ್ರಿಯಲ್ಲಿ ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್ ಬರುತ್ತದೆ. ಗ್ಲಿಸರಾಲ್ ಮತ್ತು ಡೈಮೀಥೈಲ್ ಕಾರ್ಬೊನೇಟ್‌ನ್ನು ಅದರ ಜೊತೆ 75 ಡಿಗ್ರಿ ಸುಮಾರಿಗೆ ಕಲಕಿದರೆ ಗ್ಲಿಸರಾಲ್ ಕಾರ್ಬೊನೇಟ್ ಸಿಗುತ್ತದೆ. ಜೊತೆಗೆ ಮೆಥನಾಲ್ ಹೊರಗೆ ಬರುತ್ತದೆ. 92 ಗ್ರಾಂ ಗ್ಲಿಸರಾಲ್‌ಗೆ 118 ಗ್ರಾಂ ಕಾರ್ಬೊನೇಟ್, 64 ಗ್ರಾಂ ಮೆಥನಾಲ್. ಒತ್ತಡ ಬೇಡ, ಹೈಡ್ರೋಜನ್ ಬೇಡ.

ತೊಡಕು ಎರಡು. ಡೈಮೀಥೈಲ್ ಕಾರ್ಬೊನೇಟ್ ಮತ್ತು ಮೆಥನಾಲ್ ಒಂದಕ್ಕೊಂದು ಅಂಟಿಕೊಂಡೇ ಕುದಿಯುತ್ತವೆ, ಸಾಮಾನ್ಯ ಬಟ್ಟಿಯಲ್ಲಿ ಪೂರ್ತಿ ಬೇರೆ ಆಗುವುದಿಲ್ಲ. ಇನ್ನೊಂದು ನಮ್ಮ ಮಳೆ. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಅರಳುತ್ತದೆ, ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಚಿಪ್ಪಿನ ಕಲ್ಲೇ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ವಿರಾಜಪೇಟೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ತೆರೆದಿಟ್ಟ ಸುಣ್ಣ ಚುರುಕಾಗಿ ಉಳಿಯುತ್ತದಾ? ಸುಟ್ಟ ತಕ್ಷಣ ಗಾಳಿ ಆಡದ ಡಬ್ಬಿಗೆ ಹಾಕಬೇಕು. ಪ್ರಯೋಗಾಲಯಕ್ಕೆ ಪರವಾಗಿಲ್ಲ, ದಿನಾ ನಡೆಸುವ ಘಟಕಕ್ಕೆ ಕಿರಿಕಿರಿ.

ರಿಯಾಕ್ಟರ್_ಮಡಿಕೇರಿ

ನನ್ನ ಕೇಳಿದರೆ ಸಾಲ್ಕೆಟಾಲ್. ಗ್ಲಿಸರಾಲ್ ಜೊತೆ ಅಸಿಟೋನ್ ಸೇರಿಸಿ ಆಮ್ಲ ಗುಣದ ರೆಸಿನ್ (ಪ್ಲಾಸ್ಟಿಕ್ ಜಾತಿಯ) ಮಣಿಗಳ ಮೇಲೆ ಹಾಯಿಸುವುದು. 40ರಿಂದ 60 ಡಿಗ್ರಿ ಸಾಕು. 92 ಗ್ರಾಂ ಗ್ಲಿಸರಾಲ್, 58 ಗ್ರಾಂ ಅಸಿಟೋನ್ ಸೇರಿ 132 ಗ್ರಾಂ ಸಾಲ್ಕೆಟಾಲ್, 18 ಗ್ರಾಂ ನೀರು. ಸಾಲ್ಕೆಟಾಲ್ ಒಳ್ಳೆ ದ್ರಾವಕ, ಇಂಧನಕ್ಕೆ ಬೆರೆಸಲೂ ಅದನ್ನು ಪರೀಕ್ಷೆ ಮಾಡಿದ್ದಾರೆ. ಬಯೋಡೀಸೆಲ್ ಚಳಿಯಲ್ಲಿ ಸರಾಗವಾಗಿ ಹರಿಯಲು ನೆರವಾಗುತ್ತದಾ ಅಂತಲೂ ನೋಡಿದ್ದಾರೆ. ತಾಳೆ ಎಣ್ಣೆಯ ಬಯೋಡೀಸೆಲ್ 15 ಡಿಗ್ರಿ ಸುಮಾರಿಗೇ ಮಸುಕಾಗಿ ಹೆಪ್ಪುಗಟ್ಟಲು ಶುರುವಾಗುತ್ತದೆ. ಡಿಸೆಂಬರ್‌ನ ಮಡಿಕೇರಿ ಬೆಳಿಗ್ಗೆಗೆ ಇದು ನಮ್ಮದೇ ಸಮಸ್ಯೆ ಅಲ್ವಾ.

ಈ ಕ್ರಿಯೆ ಎರಡೂ ಕಡೆ ನಡೆಯುವಂಥದ್ದು. ನೀರು ಜಾಸ್ತಿ ಇದ್ದರೆ ಸಾಲ್ಕೆಟಾಲ್ ವಾಪಸ್ ಗ್ಲಿಸರಾಲ್ ಆಗುತ್ತದೆ. ಅದಕ್ಕೆ ಅಸಿಟೋನ್ ಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು ಹಾಕಿ, ಉಳಿದದ್ದನ್ನು 56 ಡಿಗ್ರಿಗೆ ಹಾರಿಸಿ ಮತ್ತೆ ಬಳಸುತ್ತಾರೆ.

ಮತ್ತೆ ಉಪ್ಪಿನ ವಿಷಯಕ್ಕೆ, ಅಂದ್ರೆ ನಿಮ್ಮ ಕಾಸ್ಟಿಕ್ ಪೊಟ್ಯಾಷಿನಿಂದ ಉಳಿಯುವ ಪೊಟ್ಯಾಸಿಯಂ ವಿಷಯಕ್ಕೆ ಬರ್ತೀನಿ, ಇದನ್ನು ಎಲ್ಲರೂ ಗಮನ ಕೊಟ್ಟು ಓದಿ. ಸಾಮಾನ್ಯವಾಗಿ ಬಳಸುವ ಆಂಬರ್‌ಲಿಸ್ಟ್-15 ರೆಸಿನ್‌ನ ಒಂದು ಕಿಲೋದಲ್ಲಿ ಸುಮಾರು 4.7 ಮೋಲ್ (ಮೋಲ್ ಅಂದ್ರೆ ಕಣಗಳನ್ನು ಲೆಕ್ಕ ಹಾಕುವ ಅಳತೆ) ಆಮ್ಲದ ಜಾಗ ಇರುತ್ತದೆ. ಪ್ರತಿ ಪೊಟ್ಯಾಸಿಯಂ ಅಯಾನು ಒಂದು ಜಾಗ ಹಿಡಿದು ಆಮ್ಲವನ್ನು ಹೊರಗೆ ಹಾಕುತ್ತದೆ. ಅಂದ್ರೆ 184 ಗ್ರಾಂ ಪೊಟ್ಯಾಸಿಯಂ ಬಂದರೆ ಒಂದು ಕಿಲೋ ರೆಸಿನ್ ಮುಗೀತು. ನಿಮ್ಮ ಗ್ಲಿಸರಾಲ್‌ನಲ್ಲಿ ಶೇಕಡಾ 2 ಪೊಟ್ಯಾಸಿಯಂ ಇದ್ದರೆ ಬರೀ 9 ಕಿಲೋ ಹಾಯಿಸುವಷ್ಟರಲ್ಲಿ ಕ್ಯಾಟಲಿಸ್ಟ್ ಸತ್ತಿರುತ್ತದೆ. ಅದೇ 0.02ಕ್ಕೆ ಇಳಿಸಿದರೆ 900 ಕಿಲೋ ತನಕ ಬರುತ್ತದೆ. ಕ್ಯಾಟಲಿಸ್ಟ್ ಕೊಳ್ಳುವ ಮೊದಲು ಸ್ವಚ್ಛ ಮಾಡುವ ಟ್ಯಾಂಕ್ ಕಟ್ಟಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಕುಶಾಲನಗರ_ಘಟಕ

ಈ ಲೆಕ್ಕ ಯಾರೂ ಹೇಳಿರಲಿಲ್ಲ ಸರ್. ಕಣ್ಣು ತೆರೆಸಿದ ಹಾಗಾಯಿತು. ಹಾಗಿದ್ರೆ ಸ್ವಚ್ಛ ಮಾಡುವುದು ಹೇಗೆ? ಸಲ್ಫ್ಯೂರಿಕ್ ಆಮ್ಲ ಹಾಕಿ ಅಂತ ಕೆಲವರು ಹೇಳ್ತಾರೆ.

ಪೊನ್ನಂಪೇಟೆ_ಟೀಚರ್

ನೀವು ಪೊಟ್ಯಾಷ್ ಬಳಸುತ್ತಿದ್ದೀರಿ, ಹಾಗಾಗಿ ಫಾಸ್ಫಾರಿಕ್ ಆಮ್ಲ ಹಾಕಿ. ಮೊದಲು ಮೆಥನಾಲ್‌ನ್ನು ಮುಚ್ಚಿದ ಪಾತ್ರೆಯಲ್ಲಿ 65 ಡಿಗ್ರಿ ದಾಟಿಸಿ, ಆವಿ ತಂಪು ಮಾಡುವ ಕಂಡೆನ್ಸರ್ ಇಟ್ಟು ವಾಪಸ್ ಹಿಡಿಯಬೇಕು. ಅದು ಮುಂದಿನ ಬ್ಯಾಚ್ ಡೀಸೆಲ್‌ಗೆ ಬರುತ್ತದೆ. ಬೆಂಕಿ ಹತ್ತಿರ ಬೇಡ, ಪಾತ್ರೆ ಸುತ್ತ ಬಿಸಿನೀರಿನ ಜಾಕೆಟ್ ಸಾಕು. ಕೊನೆಯ ಮೆಥನಾಲ್ ಬಿಡಿಸಲು ನಿರ್ವಾತದ ಪಂಪ್ ಇದ್ದರೆ ಒಳ್ಳೆಯದು. ಆಮೇಲೆ ಬೆಚ್ಚಗಿರುವಾಗ ಕಲಕುತ್ತಾ ಆಮ್ಲವನ್ನು ಸ್ವಲ್ಪ ಸ್ವಲ್ಪ ಹಾಕಿ, ಪಿಎಚ್ (ಆಮ್ಲದ ಅಳತೆ) 5ರ ಕೆಳಗೆ ಇಳಿಸಿ. ಸೋಪು ಒಡೆದು ಕೊಬ್ಬಿನ ಆಮ್ಲವಾಗಿ ಮೇಲೆ ತೇಲುತ್ತದೆ. ನಡುವೆ ಗ್ಲಿಸರಾಲ್. ಅಡಿಯಲ್ಲಿ ಪೊಟ್ಯಾಸಿಯಂ ಫಾಸ್ಫೇಟ್ ಉಪ್ಪು ಕೂರುತ್ತದೆ.

ಆ ಉಪ್ಪು ಕಸ ಅಲ್ಲ. ಪೊಟ್ಯಾಷ್, ರಂಜಕ ಎರಡೂ ಇರುವ ಗೊಬ್ಬರ. ಕಾಫಿ ಗಿಡಕ್ಕೆ ಕಾಯಿ ಕಟ್ಟುವಾಗ ಪೊಟ್ಯಾಷ್ ಎಷ್ಟು ಬೇಕು ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಸೋಡಾ, ಸಲ್ಫ್ಯೂರಿಕ್ ಹಾಕಿದ್ದರೆ ಸೋಡಿಯಂ ಸಲ್ಫೇಟ್ ಬರುತ್ತಿತ್ತು, ಅದನ್ನು ಯಾರೂ ತೋಟಕ್ಕೆ ಹಾಕಿಸಿಕೊಳ್ಳುವುದಿಲ್ಲ. ಮೆಥನಾಲ್ ಪೂರ್ತಿ ಹೋಗಿದೆ ಅಂತ ಖಾತ್ರಿ ಮಾಡಿಕೊಂಡೇ ಉಪ್ಪನ್ನು ಮಣ್ಣಿಗೆ ಹಾಕಿ.

ತೋಟದಮನೆ_ಸಿದ್ದಾಪುರ

ಈ ಮಾತು ನನಗೆ ಹಿಡಿಸಿತು. ಆ ಗೊಬ್ಬರ ಪರೀಕ್ಷೆ ಮಾಡಿಸಿದರೆ ನಮ್ಮ ತೋಟದಲ್ಲಿ ನಾಲ್ಕು ಸಾಲಿಗೆ ಹಾಕಿ ನೋಡಲು ನಾನು ರೆಡಿ. ತೋಡಿಗೆ ಬಿಡುವ ಮಾತು ಇನ್ನು ಎತ್ತುವುದಿಲ್ಲ, ಪಕ್ಕದ ತೋಟದವರಿಗೂ ಹೇಳ್ತೀನಿ.

ಸ್ವಚ್ಛ ಮಾಡಿದ ಮೇಲೆ ಅದನ್ನೇ ಸೋಪು, ಕ್ರೀಮ್ ಮಾಡುವವರಿಗೆ ಮಾರಬಹುದಲ್ಲ? ರಿಯಾಕ್ಟರ್ ಗೋಜೇ ಇಲ್ಲ.

ಸುರತ್ಕಲ್_ವಿದ್ಯಾರ್ಥಿನಿ

ಮೈಗೆ ಹಚ್ಚುವುದಕ್ಕೆ, ಬಾಯಿಗೆ ಹಾಕುವುದಕ್ಕೆ ಖಂಡಿತ ಬೇಡ ಅಣ್ಣಾ. ಇಷ್ಟು ಸ್ವಚ್ಛ ಮಾಡಿದರೆ ಸಿಗುವುದು 80-85 ಶೇಕಡಾ. ಔಷಧಿ, ಕ್ರೀಮ್‌ಗೆ 99.5 ಶೇಕಡಾ ಸುಮಾರಿನದ್ದು ಬೇಕು, ಅದಕ್ಕೆ ನಿರ್ವಾತದಲ್ಲಿ ಬಟ್ಟಿ ಇಳಿಸಬೇಕು, ಪ್ರತಿ ಬ್ಯಾಚ್ ಪರೀಕ್ಷೆ ಆಗಬೇಕು. 2022ರಲ್ಲಿ ಗ್ಯಾಂಬಿಯಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತದ್ದು ನೆನಪಿದೆಯಲ್ಲ, ಆ ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ನಮ್ಮ ಡ್ರಮ್ಮಲ್ಲಿ ಅದಿಲ್ಲ, ಆದ್ರೆ ಮೆಥನಾಲ್ ಉಳಿದಿರಬಹುದು. ಮಕ್ಕಳ ಬಾಯಿಗೆ ಹೋಗುವ ಸರಪಳಿಗೆ ನಮ್ಮ ಡ್ರಮ್ ಸೇರಲೇಬಾರದು.

ದೊಡ್ಡ ಕಾರ್ಖಾನೆಗೆ ಕಚ್ಚಾ ವಸ್ತುವಾಗಿ ಕಳಿಸುವುದು ಬೇರೆ ಮಾತು. ಗ್ಲಿಸರಾಲ್‌ನಿಂದ ಎಪಿಕ್ಲೋರೋಹೈಡ್ರಿನ್ ಮಾಡುತ್ತಾರೆ, ಎಪಾಕ್ಸಿ ಅಂಟಿಗೆ ಬೇಕಾದ ವಸ್ತು. ಸೋಲ್ವೇ ಕಂಪನಿ 2007ರಲ್ಲಿ ಫ್ರಾನ್ಸಿನ ತಾವೋದಲ್ಲಿ, ಆಮೇಲೆ ಥಾಯ್ಲೆಂಡಿನಲ್ಲಿ ಶುರು ಮಾಡಿತು. ಈಗ ಗುಜರಾತಿನ ದಹೇಜ್‌ನಲ್ಲೂ ಬೇರೆ ಕಂಪನಿಯ ಇಂಥ ಘಟಕ ಇದೆ. ಮೊದಲು ಎಪಿಕ್ಲೋರೋಹೈಡ್ರಿನ್ನನ್ನು ಪೆಟ್ರೋಲಿಯಂನ ಪ್ರೊಪಿಲೀನ್‌ನಿಂದ ಮಾಡುತ್ತಿದ್ದರು. ಬಯೋಡೀಸೆಲ್ ಬೆಳೆದು ಗ್ಲಿಸರಾಲ್ ಅಗ್ಗವಾದ ಮೇಲೆ ದಾರಿಯೇ ತಿರುಗಿತು.

ರಿಯಾಕ್ಟರ್_ಮಡಿಕೇರಿ

ದಹೇಜ್‌ಗೆ ಇಲ್ಲಿಂದ ಕಳಿಸುವುದಕ್ಕೆ ಟ್ಯಾಂಕರ್ ತುಂಬುವಷ್ಟು ಬೇಕು. ಕೊಡಗು, ಹಾಸನ, ಮೈಸೂರು ಕಡೆಯ ಸಣ್ಣ ಘಟಕಗಳು ಒಟ್ಟಾದರೆ ಆದೀತು. ಹಾಸನದ ಮಡೇನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಇದೆ, ಹೊಂಗೆ, ಬೇವಿನ ಎಣ್ಣೆ ಮೇಲೆ ಅಲ್ಲಿ ತುಂಬ ಕೆಲಸ ಆಗಿದೆ. ಅವರ ಹತ್ತಿರ ಒಮ್ಮೆ ಮಾತಾಡಿ.

ಇನ್ನೊಂದು ಸರಳ ದಾರಿಯನ್ನು ಯಾರೂ ಎತ್ತಲಿಲ್ಲ. ಗೋಬರ್ ಗ್ಯಾಸ್. ಮೆಥನಾಲ್, ಉಪ್ಪು ತೆಗೆದ ಗ್ಲಿಸರಾಲ್‌ನ್ನು ಸಗಣಿ ಜೊತೆ ಸ್ವಲ್ಪ ಸ್ವಲ್ಪವೇ ಹಾಕಿದರೆ ಗ್ಯಾಸ್ ಚೆನ್ನಾಗಿ ಏರುತ್ತದೆ. ಲೆಕ್ಕದ ಪ್ರಕಾರ ಒಂದು ಕಿಲೋ ಗ್ಲಿಸರಾಲ್‌ಗೆ 420 ಲೀಟರ್ ಮೀಥೇನ್ ತನಕ. ಒಮ್ಮೆಲೇ ಜಾಸ್ತಿ ಸುರಿದರೆ ಹುಳಿಯಾಗಿ ಗ್ಯಾಸ್ ನಿಂತೇ ಹೋಗುತ್ತದೆ, ಜೋಕೆ. ಉಳಿದ ಡ್ರಮ್ ಖಾಲಿ ಮಾಡಲು ಇದಕ್ಕಿಂತ ಸುಲಭದ್ದು ನನಗೆ ಕಾಣುತ್ತಿಲ್ಲ. ಸಾಲ್ಕೆಟಾಲ್‌ನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಪುಟ್ಟದಾಗಿ ಶುರು ಮಾಡಿ.

ಪೊನ್ನಂಪೇಟೆ_ಟೀಚರ್

ನಮ್ಮ ಹುಡುಗರಿಗೆ ಪ್ರಾಜೆಕ್ಟ್ ಆಗಿ ಕೊಡಬಹುದು. ಗಾಜಿನ ಕೊಳವೆ, ಬಿಸಿನೀರಿನ ಜಾಕೆಟ್, ಸಣ್ಣ ಪಂಪ್ ಇದೆ. ಕೊಳವೆ ರಿಯಾಕ್ಟರ್ ಕಟ್ಟುವಾಗ ಏನು ನೋಡಿಕೊಳ್ಳಬೇಕು ಹೇಳಿ ಸರ್.

ರಿಯಾಕ್ಟರ್_ಮಡಿಕೇರಿ

ಒಳ್ಳೆ ವಿಚಾರ ಮೇಡಂ. ರೆಸಿನ್ ದ್ರಾವಕದಲ್ಲಿ ಉಬ್ಬುತ್ತದೆ. ಒಣಗಿದ್ದನ್ನು ಕೊಳವೆಗೆ ತುಂಬ ತುಂಬಿಸಿದರೆ ಗಾಜು ಒಡೆಯಬಹುದು. ಮೊದಲು ಅಸಿಟೋನ್‌ನಲ್ಲಿ ನೆನೆಸಿ, ಆಮೇಲೆ ಮುಕ್ಕಾಲು ಭಾಗ ಮಾತ್ರ ತುಂಬಿ. ಹರಿವು ಕೆಳಗಿನಿಂದ ಮೇಲಕ್ಕೆ ಇರಲಿ, ಗಾಳಿ ಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಗ್ಲಿಸರಾಲ್, ಅಸಿಟೋನ್ ಮೊದಲಿಗೆ ಸರಿಯಾಗಿ ಬೆರೆಯುವುದಿಲ್ಲ, ಹಿಂದಿನ ಸಲದ ಸಾಲ್ಕೆಟಾಲ್ ಸ್ವಲ್ಪ ಸೇರಿಸಿದರೆ ಒಂದಾಗುತ್ತವೆ. ಗ್ಲಿಸರಾಲ್ 20 ಡಿಗ್ರಿಯಲ್ಲಿ ನೀರಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಮಂದ, ಪಂಪಿಗೆ ಹೋಗುವ ಮೊದಲೇ ಬೆಚ್ಚಗೆ ಮಾಡಿ. ರೆಸಿನ್‌ನ್ನು 120 ಡಿಗ್ರಿ ದಾಟಿಸಬೇಡಿ. ಸಾಲ್ಕೆಟಾಲ್ ಬೇರ್ಪಡಿಸುವ ಮೊದಲು ಬಂದ ದ್ರವದಲ್ಲಿ ಆಮ್ಲ ಉಳಿದಿಲ್ಲ ಅಂತ ನೋಡಿ, ಇಲ್ಲದಿದ್ದರೆ ಬಿಸಿ ಮಾಡುವಾಗ ಅದು ಹಿಂದಕ್ಕೆ ಒಡೆಯುತ್ತದೆ.

ಅಸಿಟೋನ್‌ಗೆ ಸೊನ್ನೆ ಡಿಗ್ರಿ ಕೆಳಗೂ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ, ಕೋಣೆಯಲ್ಲಿ ಸ್ಟೋವ್, ಕಿಡಿ ಹಾರುವ ಸ್ವಿಚ್ ಯಾವುದೂ ಬೇಡ. ಹುಡುಗರನ್ನು ಒಬ್ಬರೇ ಬಿಡಬೇಡಿ.

ದಿನಾ ಎರಡು ಸಂಖ್ಯೆ ಬರೆದಿಡಲು ಹೇಳಿ: ಹಾಕಿದ ಗ್ಲಿಸರಾಲ್‌ನಲ್ಲಿ ಎಷ್ಟು ಖರ್ಚಾಯಿತು, ಖರ್ಚಾದದ್ದರಲ್ಲಿ ಎಷ್ಟು ಸಾಲ್ಕೆಟಾಲ್ ಆಯಿತು. ಮೊದಲನೆಯದು ದಿನದಿಂದ ದಿನಕ್ಕೆ ಇಳಿಯುತ್ತಾ ಬಂದರೆ ರೆಸಿನ್‌ಗೆ ಪೊಟ್ಯಾಸಿಯಂ ಕೂರುತ್ತಿದೆ ಅಂತ ಅನುಮಾನಪಡಿ. ಆಗ ರೆಸಿನ್‌ನ್ನು ನೀರಲ್ಲಿ ತೊಳೆದು, ತೆಳು ಆಮ್ಲ ಹಾಯಿಸಿ, ಮತ್ತೆ ನೀರಲ್ಲಿ ತೊಳೆದರೆ ಜೀವ ಬರುತ್ತದೆ.

ಕುಶಾಲನಗರ_ಘಟಕ

ಮೇಡಂ, ಫಾಸ್ಫಾರಿಕ್ ಆಮ್ಲ ತರಿಸುತ್ತೇನೆ. ಸ್ವಚ್ಛ ಮಾಡಿದ ಮೊದಲ ಕ್ಯಾನ್ ನಿಮ್ಮ ಪ್ರಯೋಗಾಲಯಕ್ಕೆ, ಉಪ್ಪಿನ ಮೂಟೆ ಪರೀಕ್ಷೆ ಆದ ಮೇಲೆ ಸಿದ್ದಾಪುರಕ್ಕೆ. ವಿದ್ಯಾರ್ಥಿನಿಯವರೇ, ಪೊಟ್ಯಾಸಿಯಂ ಎಷ್ಟಿದೆ ಅಂತ ನಿಮ್ಮಲ್ಲಿ ಅಳೆಯಲು ಆಗುತ್ತದಾ?

ಸುರತ್ಕಲ್_ವಿದ್ಯಾರ್ಥಿನಿ

ಫ್ಲೇಮ್ ಫೋಟೋಮೀಟರ್‌ನಲ್ಲಿ (ಜ್ವಾಲೆಯ ಬೆಳಕಿನಿಂದ ಲೋಹ ಅಳೆಯುವ ಉಪಕರಣ) ಆಗುತ್ತದೆ. ಆಮ್ಲ ಹಾಕುವ ಮುಂಚಿನದ್ದು ಒಂದು ಬಾಟಲಿ, ಹಾಕಿದ ಮೇಲಿನದ್ದು ಒಂದು ಬಾಟಲಿ ಕಳಿಸಿ. ಗಾಜಿನ ಬಾಟಲಿ ಬೇಡ, ಗಟ್ಟಿ ಪ್ಲಾಸ್ಟಿಕ್ ಇರಲಿ. ಮೇಲೆ ತಾರೀಖು, ಯಾವ ಎಣ್ಣೆ, ಎಷ್ಟು ಪೊಟ್ಯಾಷ್ ಹಾಕಿದ್ದು ಅಂತ ಬರೆಯಿರಿ. ಹೊಂಗೆ ಎಣ್ಣೆಯ ಬ್ಯಾಚ್ ಇದ್ದರೆ ಅದನ್ನು ಬೇರೆಯಾಗಿಯೇ ಕಳಿಸಿ, ಕರಿದ ಎಣ್ಣೆಯದ್ದರ ಜೊತೆ ಬೆರೆಸಬೇಡಿ.